ಅಕ್ಕನ ಮೀಟಿಂಗಿಗೆ ದಾರಿ ಬಿಡಿ

ನಾವು ಮೂರು ಜನ. ಒಬ್ಬ ಶಿರಸಿಯ ಹುಲೇಕಲ್ ಕಡೆಯವನು, ಒಬ್ಬ ಸಿದ್ದಾಪುರದ ಹೆಗ್ಗರಣೆ ಕಡೆಯವನು, ಒಬ್ಬಳು ಯಲ್ಲಾಪುರದ ಮಂಚಿಕೇರಿಯವಳು. ಹಾಸ್ಟೆಲ್ ವೈಫೈಗೆ ಬೈಯೋದರಲ್ಲಿ ಮೂವರದ್ದೂ ಒಂದೇ ಮತ. ಊರಿಗೆ ಹೋದ ಎರಡನೇ ದಿನಕ್ಕೆ ಆ ವೈಫೈಯೇ ಎಷ್ಟೋ ವಾಸಿ ಅನ್ನಿಸೋದರಲ್ಲೂ ಒಂದೇ ಮತ.

ಕಳೆದ ಮಳೆಗಾಲದ ರಜೆಯಲ್ಲಿ ಸಿದ್ದಾಪುರದವನ ಮನೆಯಿಂದ ಫೋನ್ ಬಂತು. ಅಂಗಳದ ಪಾಚಿ ಮೇಲೆ ಜಾರಿ ಅವನ ಅಪ್ಪಯ್ಯ ಕಾಲು ಮುರಿದುಕೊಂಡಿದ್ದರು. ನೋಡಿಕೊಳ್ಳೋಕೆ ಅಂತ ಅಕ್ಕ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಕಟ್ಟಿಕೊಂಡು ಬಂದಿದ್ದಳು. ಆಫೀಸಿನವರು ಮನೆಯಿಂದ ಕೆಲಸ ಮಾಡೋಕೆ ಒಪ್ಪಿದ್ದರು, ಆದರೆ ಮೀಟಿಂಗಿನಲ್ಲಿ ಅವಳ ಧ್ವನಿ ದಿನಕ್ಕೆ ನಾಲ್ಕು ಸಲ ರೋಬೋಟ್ ಥರ ಆಗಿ ಆಮೇಲೆ ನಿಂತೇ ಹೋಗುತ್ತಿತ್ತು. ಎರಡನೇ ವಾರದ ಕೊನೆಗೆ ಮ್ಯಾನೇಜರ್ ನಯವಾಗಿಯೇ ಹೇಳಿದರಂತೆ: ಇದು ಸರಿ ಹೋಗದಿದ್ದರೆ ಮುಂದಿನ ತಿಂಗಳಿಂದ ಆಫೀಸಿಗೇ ಬನ್ನಿ. ಆಯಿ ಒಬ್ಬಳೇ ಅಪ್ಪಯ್ಯನನ್ನ ಎಬ್ಬಿಸಿ ಕೂರಿಸಿ ಮಾಡೋದು ಆಗದ ಮಾತು. ಹಾಗಾಗಿ ಈ ಲೇಖನದಲ್ಲಿ ಬರೋ ಕ್ಯೂ, ಮಾರ್ಕು, ಟ್ರೀ ಎಲ್ಲ ನಮಗೆ ಪರೀಕ್ಷೆಯ ವಿಷಯ ಆಗಿರಲಿಲ್ಲ.

ಮನೆಯ ನೆಟ್‌ವರ್ಕ್ ಹೇಗಿದೆ ಅಂದ್ರೆ, ಫೈಬರ್ ಮುಖ್ಯ ರಸ್ತೆಯವರೆಗೆ ಬಂದು ನಿಂತಿದೆ. ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್ ಬೇಣ, ಹಳ್ಳ, ತೋಟ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಕೊಡೆ ಹಿಡಿದು ಗುಡ್ಡ ಹತ್ತಿದ ಮಕ್ಕಳಲ್ಲಿ ನಾವೂ ಇದ್ದೆವು, ಆಮೇಲೆ ಮಾಡಿನ ಮೇಲೊಂದು ಆಂಟೆನಾ ಕಟ್ಟಿ 4ಜಿ ಮೋಡೆಮ್ ಹಾಕಿಸಿದ್ದರು. ಅದರಿಂದ ಕೇಬಲ್ ಎಳೆದು ಮೇಲಿನ ಮನೆ, ನಡುಮನೆ, ಕೆಳಗಿನ ಮನೆ, ಮೂರಕ್ಕೂ ಹಂಚಿಕೊಂಡಿದ್ದಾರೆ. ಒಂದು ಮೋಡೆಮ್ಮಿಗೆ ಹದಿನೇಳು ಫೋನು, ಎರಡು ಟಿವಿ, ಮೂರು ಲ್ಯಾಪ್‌ಟಾಪು.

ಎಲ್ಲರೂ ಮಾಡೋ ಕೆಲಸವನ್ನೇ ನಾವೂ ಮೊದಲು ಮಾಡಿದೆವು, ಸ್ಪೀಡ್ ಟೆಸ್ಟ್. ಡೌನ್‌ಲೋಡ್ 15, ಅಪ್‌ಲೋಡ್ 4 ಎಂಬಿಪಿಎಸ್ ಬಂತು. ಒಂದು ಮೀಟಿಂಗಿಗೆ ಇದು ಧಾರಾಳ. ಧ್ವನಿಗೆ ಬೇಕಾಗೋದು ನೂರು ಕೆಬಿಪಿಎಸ್ ಒಳಗೆ, ವಿಡಿಯೋ ಹಾಕಿದರೂ ಒಂದು ಒಂದೂವರೆ ಎಂಬಿಪಿಎಸ್. ಹಾಗಾದರೆ ಧ್ವನಿ ಯಾಕೆ ನಿಲ್ಲುತ್ತೆ?

ಉತ್ತರ ಸಿಕ್ಕಿದ್ದು ಸ್ಪೀಡಿನಲ್ಲಿ ಅಲ್ಲ, ಪಿಂಗಿನಲ್ಲಿ. ಒಂದು ಕಿಟಕಿಯಲ್ಲಿ ಪಿಂಗ್ ಓಡಿಸಿಟ್ಟೆವು, ಸುಮಾರು 45 ಮಿಲಿಸೆಕೆಂಡ್ ಬರುತ್ತಿತ್ತು. ಸಂಜೆ ನಾಲ್ಕಕ್ಕೆ ಇದ್ದಕ್ಕಿದ್ದಂತೆ 300, 800, 1400. ಅಷ್ಟೊತ್ತಿಗೆ ಒಳಗಿನಿಂದ ಅಕ್ಕನ ದನಿ: 'ತಮಾ, ಮತ್ತೆ ಹೋತು!' ಹುಡುಕಿಕೊಂಡು ಹೋದರೆ ಕೆಳಗಿನ ಮನೆ ತಮ್ಮ ಹಿಂದಿನ ರಾತ್ರಿಯ ಯಕ್ಷಗಾನದ ವಿಡಿಯೋ ಯೂಟ್ಯೂಬಿಗೆ ಏರಿಸುತ್ತಿದ್ದ. ಪಾಪ, ಅವನದ್ದು ತಪ್ಪೇನಿಲ್ಲ. ತಪ್ಪು ಮೋಡೆಮ್ಮಿನೊಳಗಿನ ಸಾಲಿನದ್ದು.

ಇದನ್ನ ಲೆಕ್ಕ ಹಾಕಿಯೇ ನೋಡಬೇಕು. ವಿಡಿಯೋ ಏರಿಸೋ ಫೋನು ಟಿಸಿಪಿ ಉಪಯೋಗಿಸುತ್ತೆ. ಸಾಮಾನ್ಯವಾಗಿ ಟಿಸಿಪಿಗೆ ಲೈನ್ ಎಷ್ಟು ಅಗಲ ಅಂತ ಗೊತ್ತಾಗೋದು ಪ್ಯಾಕೆಟ್ ಬಿದ್ದುಹೋದಾಗ ಮಾತ್ರ. ಬೀಳೋವರೆಗೂ ವೇಗ ಹೆಚ್ಚಿಸ್ತಾನೇ ಇರುತ್ತೆ. ಮೋಡೆಮ್ ಮಾಡಿದವರು 'ಪ್ಯಾಕೆಟ್ ಬೀಳಬಾರದು' ಅಂತ ದೊಡ್ಡ ಬಫರ್ ಇಟ್ಟಿರುತ್ತಾರೆ. ಟಿಸಿಪಿ ತಳ್ಳುತ್ತೆ, ಬಫರ್ ನುಂಗುತ್ತೆ, ಏನೂ ಬೀಳಲ್ಲ, ಮತ್ತೆ ತಳ್ಳುತ್ತೆ. 4 ಎಂಬಿಪಿಎಸ್ ಲೈನಿನ ಹಿಂದೆ 700 ಕಿಲೋಬೈಟ್ ತುಂಬಿ ನಿಂತಿದೆ ಅಂದ್ರೆ 56 ಲಕ್ಷ ಬಿಟ್, ಅದು ಖಾಲಿಯಾಗೋಕೆ 1.4 ಸೆಕೆಂಡ್. ನಮ್ಮ ಪಿಂಗ್ ಹೇಳಿದ್ದೂ ಅದೇ. 1500 ಬೈಟಿನ ಪ್ಯಾಕೆಟ್ ಲೆಕ್ಕದಲ್ಲಿ ಸುಮಾರು 466. ಅಕ್ಕನ ಧ್ವನಿಯ ಪುಟ್ಟ ಪ್ಯಾಕೆಟ್, ಪ್ರತಿ 20 ಮಿಲಿಸೆಕೆಂಡಿಗೆ ಒಂದು ಹೊರಡುವಂಥದ್ದು, ಆ 466ರ ಬಾಲಕ್ಕೆ ನಿಲ್ಲಬೇಕು. ಐಟಿಯುನ ಜಿ.114 ಶಿಫಾರಸಿನ ಪ್ರಕಾರ ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿರಬೇಕು. ನಮ್ಮದು ಅದರ ಒಂಬತ್ತು ಪಟ್ಟು. ಈ ರೋಗಕ್ಕೆ ಬಫರ್‌ಬ್ಲೋಟ್ ಅಂತ ಹೆಸರು, ಬಫರಿನ ಬೊಜ್ಜು ಅನ್ನಬಹುದು. ಹೆಸರನ್ನ ಎಲ್ಲರ ಬಾಯಿಗೆ ತಂದವರು ಜಿಮ್ ಗೆಟ್ಟಿಸ್. ಅವರೂ ಅದನ್ನ ಹಿಡಿದಿದ್ದು ಮನೆಯ ರೌಟರಿನಲ್ಲೇ.

ಇನ್ನೊಂದು ಮಜಾ ಇದೆ. ಅಪ್‌ಲೋಡ್ ಸಾಲು ತುಂಬಿದರೆ ಡೌನ್‌ಲೋಡ್ ಕೂಡ ಸಾಯುತ್ತೆ. ಡೌನ್‌ಲೋಡಿನ ಪ್ರತಿ ಕಂತಿಗೂ 'ಬಂತು, ಮುಂದಿನದು ಕಳಿಸು' ಅನ್ನೋ ಎಸಿಕೆ ಹಿಂದಕ್ಕೆ ಹೋಗಬೇಕಲ್ಲ, ಅದೂ ಅದೇ ಸಾಲಿನ ಬಾಲದಲ್ಲಿ ನಿಂತಿರುತ್ತೆ. 'ನೆಟ್ ಪೂರಾ ಹೋಯ್ತು' ಅಂತ ಮನೆಯವರು ಹೇಳೋದು ಸುಳ್ಳಲ್ಲ.

ಈಗ ಪರಿಹಾರ. 'ಅಕ್ಕನ ಪ್ಯಾಕೆಟ್ಟನ್ನ ಮುಂದೆ ಬಿಡು ಅಂತ ರೌಟರಿಗೆ ಹೇಳಿದರಾಯ್ತು' ಅಂದುಕೊಂಡೆವು. ಒಂದು ಮೈಕ್ರೋಟಿಕ್ ರೌಟರ್ ತಂದು ಮೋಡೆಮ್ಮಿಗೂ ಮನೆಗಳ ಕೇಬಲ್ಲಿಗೂ ನಡುವೆ ಕೂರಿಸಿ ಆದ್ಯತೆ ಕೊಟ್ಟೆವು. ಒಂಚೂರೂ ಬದಲಾಗಲಿಲ್ಲ. ಯಾಕೆ ಅಂತ ಹೊಳೆದಿದ್ದು ಯಲ್ಲಾಪುರದವಳಿಗೆ, ಅದೂ ಅರಬೈಲ್ ಘಟ್ಟದ ಲೆಕ್ಕದಲ್ಲಿ.

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗೋ ಹೆದ್ದಾರಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತೆ. ಲಾರಿಗಳು ತಿರುವಿನಲ್ಲಿ ಸಾಲುಗಟ್ಟಿ ನಿಂತ ಮೇಲೆ ಹಿಂದಿನಿಂದ ಆಂಬುಲೆನ್ಸ್ ಬಂದರೆ ಅದಕ್ಕೆ ದಾರಿ ಬಿಡೋಕೂ ಜಾಗ ಇರಲ್ಲ. ಯಲ್ಲಾಪುರದ ಪೇಟೆಯಲ್ಲಿ ಪೊಲೀಸರು ನಿಂತು ಆಂಬುಲೆನ್ಸಿಗೆ ಕೈ ತೋರಿಸಿ ಮುಂದೆ ಬಿಟ್ಟರೂ ಪ್ರಯೋಜನ ಇಲ್ಲ, ಸಾಲು ಇರೋದು ಪೇಟೆಯಲ್ಲಲ್ಲ, ಘಟ್ಟದಲ್ಲಿ. ಆದರೆ ಘಟ್ಟ ತಾಳುವುದಕ್ಕಿಂತ ಸ್ವಲ್ಪ ಕಡಿಮೆ ಲಾರಿಗಳನ್ನ ಮಾತ್ರ ಪೇಟೆಯಿಂದ ಬಿಡ್ತಾ ಬಂದರೆ? ಘಟ್ಟದಲ್ಲಿ ಸಾಲೇ ಇರಲ್ಲ. ಇಡೀ ಸಾಲು ಪೇಟೆಗೆ ಬಂದು ನಿಲ್ಲುತ್ತೆ, ಅಲ್ಲಿ ರಸ್ತೆ ಅಗಲ ಇದೆ, ಯಾರನ್ನ ಮುಂದೆ ಬಿಡಬೇಕು ಅನ್ನೋದು ಪೊಲೀಸರ ಕೈಯಲ್ಲಿರುತ್ತೆ.

ನಮ್ಮ ರೌಟರ್ ಯಲ್ಲಾಪುರ ಪೇಟೆ, ಮೋಡೆಮ್ ಅರಬೈಲ್. ರೌಟರಿನಿಂದ ಮೋಡೆಮ್ಮಿಗೆ ಗಿಗಾಬಿಟ್ ಕೇಬಲ್ ಇರೋದರಿಂದ ರೌಟರಿನಲ್ಲಿ ಯಾವತ್ತೂ ಸಾಲೇ ಆಗ್ತಿರಲಿಲ್ಲ. ಸಾಲಿಲ್ಲದ ಕಡೆ ಆದ್ಯತೆಗೆ ಅರ್ಥ ಇಲ್ಲ. ಆದ್ದರಿಂದ ಮೊದಲ ಕೆಲಸ ಶೇಪಿಂಗ್: ಎರಡು ದಿನ ಬೇರೆ ಬೇರೆ ಹೊತ್ತಿನಲ್ಲಿ ಅಳೆದು, ಅಪ್‌ಲೋಡ್ ಸಾಧಾರಣವಾಗಿ 4ಕ್ಕಿಂತ ಕೆಳಗೆ ಇಳಿಯಲ್ಲ ಅಂತ ನೋಡಿಕೊಂಡು, ರೌಟರಿನಲ್ಲಿ 3500 ಕೆಬಿಪಿಎಸ್ ಅಂತ ಮಿತಿ ಹಾಕಿದೆವು. ಮಂಚದ ಮೇಲಿಂದ ಅಪ್ಪಯ್ಯ ಕೇಳಿದರು, 'ಇದ್ದಿದ್ದನ್ನೂ ಕಡ್ಮೆ ಮಾಡಿದ್ರ?' ಹೌದು, ಅದೇ ಮಾಡಿದ್ದು. ಲ್ಯಾಬಿನಲ್ಲಿ ಲೀಕಿ ಬಕೆಟ್ ಪ್ರೋಗ್ರಾಮ್ ಬರೆದು ವೈವಾದಲ್ಲಿ 'ಕಂಜೆಶನ್ ಕಂಟ್ರೋಲ್ ಸರ್' ಅಂತ ಹೇಳಿ ಬಂದಿದ್ದೆವಲ್ಲ, ಆ ಬಕೆಟ್ ಯಾಕೆ ಸೋರಬೇಕು ಅಂತ ಆ ಸಂಜೆ ಗೊತ್ತಾಯ್ತು.

ಮುಂದಿನ ಪ್ರಶ್ನೆ, ಯಾವುದು ಆಂಬುಲೆನ್ಸ್, ಯಾವುದು ಲಾರಿ? ಪ್ಯಾಕೆಟ್ ಮೇಲೆ ಬರೆದಿರಲ್ಲ. ಬರೆಯಬೇಕು. ಇಲ್ಲಿ ಎರಡು ಥರದ ಗುರುತು ಇದೆ, ಎಲ್ಲರೂ ಗೊಂದಲ ಮಾಡಿಕೊಳ್ಳೋದು ಇಲ್ಲೇ. ಶಿರಸಿಯವನು ಇದನ್ನ ಅಡಿಕೆ ವಕಾರಿಯಲ್ಲಿ ವಿವರಿಸಿದ. 1923ರಲ್ಲಿ ಶುರುವಾದ ಟಿಎಸ್‌ಎಸ್ ಇರಬಹುದು, ಬೇರೆ ಯಾವುದೇ ವಕಾರಿ ಇರಬಹುದು, ಟೆಂಡರಿಗೆ ಇಟ್ಟ ಅಡಿಕೆಗೆ ಲಾಟ್ ನಂಬರಿನ ಚೀಟಿ ಇರುತ್ತೆ. ಚಾಲಿಯೋ ರಾಶಿಯೋ ಬೆಟ್ಟೆಯೋ, ಯಾರದ್ದು, ಎಷ್ಟು, ಎಲ್ಲ ಆ ಚೀಟಿಯಿಂದಲೇ ಗೊತ್ತಾಗೋದು. ಆ ಚೀಟಿಗೆ ಆ ಅಂಗಳದ ಹೊರಗೆ ಬೆಲೆಯಿಲ್ಲ. ರೌಟರಿನ 'ಪ್ಯಾಕೆಟ್ ಮಾರ್ಕ್' ಇಂಥದ್ದೇ ಚೀಟಿ. ಪ್ಯಾಕೆಟ್ ರೌಟರಿನ ಒಳಗಿರೋವರೆಗೆ ಮಾತ್ರ ಇರುತ್ತೆ, ತಂತಿಗೆ ಇಳಿಯೋವಾಗ ಬಿದ್ದು ಹೋಗುತ್ತೆ. ಪ್ಯಾಕೆಟ್ಟಿನ ಒಂದು ಬಿಟ್ಟೂ ಬದಲಾಗಿರಲ್ಲ.

ಇನ್ನೊಂದು, ಚೀಲದ ಮೇಲೆ ಬಣ್ಣದಲ್ಲಿ ಬರೆಯೋ ಗುರುತು. ಅದು ಚೀಲದ ಜೊತೆಗೇ ಲಾರಿ ಹತ್ತಿ ಹೋಗುತ್ತೆ. ಅದೇ ಡಿಎಸ್‌ಸಿಪಿ: ಐಪಿ ಹೆಡರಿನಲ್ಲಿ 6 ಬಿಟ್, ಒಟ್ಟು 64 ಬೆಲೆ, 1998ರ ಆರ್‌ಎಫ್‌ಸಿ 2474ರಲ್ಲಿ ನಿಗದಿಯಾದದ್ದು. ಧ್ವನಿಗೆ ವಾಡಿಕೆಯ ಸಂಖ್ಯೆ 46. ಆದರೆ ಆಚೆ ಊರಿನ ವ್ಯಾಪಾರಿ ನಿಮ್ಮ ಬಣ್ಣವನ್ನ ನಂಬಬೇಕು ಅಂತೇನಿಲ್ಲ, ಅಳಿಸಿಯೂ ಬಿಡಬಹುದು. ಇಂಟರ್ನೆಟ್ಟಿನಲ್ಲಿ ಅದೇ ಆಗೋದು ಹೆಚ್ಚು, ಇಲ್ಲದಿದ್ದರೆ ಎಲ್ಲರೂ 46 ಬರೆದುಕೊಂಡು ಕೂರ್ತಿದ್ದರು. ಮನೆಯೊಳಗಿನ ವೈಫೈಗೆ ಮಾತ್ರ ಡಿಎಸ್‌ಸಿಪಿ ಉಪಯೋಗಕ್ಕೆ ಬರುತ್ತೆ, ಅಲ್ಲಿ ಅದನ್ನ ನೋಡಿ ಧ್ವನಿ, ವಿಡಿಯೋ, ಸಾಮಾನ್ಯ, ಹಿನ್ನೆಲೆ ಅಂತ ನಾಲ್ಕು ವರ್ಗ ಮಾಡ್ತಾರೆ. ಅಲ್ಲೂ ಒಂದು ತಮಾಷೆ: ಎಷ್ಟೋ ಸಾಧನಗಳು ಆರು ಬಿಟ್ಟಿನಲ್ಲಿ ಮೇಲಿನ ಮೂರನ್ನಷ್ಟೇ ನೋಡುತ್ತವೆ. 46 ಅಂದ್ರೆ 101110, ಮೇಲಿನ ಮೂರು 101, ಅಂದ್ರೆ 5. ವೈಫೈಯಲ್ಲಿ 5 ವಿಡಿಯೋ ವರ್ಗ! ಧ್ವನಿ ಅಂತ ಬರೆದು ಕಳಿಸಿದ್ದು ವಿಡಿಯೋ ಸಾಲಿಗೆ ಹೋಗಿ ನಿಲ್ಲುತ್ತೆ.

ನಾವು ಚೀಟಿಯನ್ನೇ ನೆಚ್ಚಿಕೊಂಡೆವು. ರೌಟರಿನ 'ಮ್ಯಾಂಗಲ್' ಕೋಷ್ಟಕದಲ್ಲಿ ಎರಡು ಹಂತ. ಹೊಸ ಕನೆಕ್ಷನ್ನಿನ ಮೊದಲ ಪ್ಯಾಕೆಟ್ ಬಂದಾಗ ಅದನ್ನ ಪರೀಕ್ಷಿಸಿ ಇಡೀ ಕನೆಕ್ಷನ್ನಿಗೆ ಒಂದು ಹೆಸರು ಕೊಡೋದು. ಆಮೇಲೆ ಆ ಕನೆಕ್ಷನ್ನಿಗೆ ಸೇರಿದ ಪ್ರತಿ ಪ್ಯಾಕೆಟ್ಟಿಗೂ, ಹೋಗೋದಿರಲಿ ಬರೋದಿರಲಿ, ಅದೇ ಹೆಸರಿನ ಚೀಟಿ ಅಂಟಿಸೋದು. ಪ್ರತಿ ಪ್ಯಾಕೆಟ್ಟನ್ನೂ ಹತ್ತು ನಿಯಮಗಳಿಗೆ ಒರೆ ಹಚ್ಚಿದರೆ ಸಣ್ಣ ರೌಟರಿನ ಸಿಪಿಯು ಏದುಸಿರು ಬಿಡುತ್ತೆ. ಹೀಗೆ ಮಾಡಿದರೆ ಕಷ್ಟದ ಪ್ರಶ್ನೆ ಒಂದೇ ಸಲ.

ಮೂರು ವರ್ಗ ಮಾಡಿದೆವು. ಕರೆ: ಕನಿಷ್ಠ 1500 ಕೆಬಿಪಿಎಸ್ ಖಾತ್ರಿ, ಗರಿಷ್ಠ 2000, ಆದ್ಯತೆ 1. ಸಾಮಾನ್ಯ: 1500 ಖಾತ್ರಿ, ಗರಿಷ್ಠ 3500, ಆದ್ಯತೆ 4. ಲಾರಿ: 300 ಖಾತ್ರಿ, ಗರಿಷ್ಠ 3500, ಆದ್ಯತೆ 8. ಇದು ಎಚ್‌ಟಿಬಿ ಅನ್ನೋ ಮರದ ರಚನೆ. ಮೊದಲು ಎಲ್ಲರ ಖಾತ್ರಿ ತೀರಿಸುತ್ತೆ, ಉಳಿದದ್ದನ್ನ ಆದ್ಯತೆಯ ಕ್ರಮದಲ್ಲಿ ಹಂಚುತ್ತೆ. ಯಾರೂ ಕರೆ ಮಾಡದಿದ್ದಾಗ ಯಕ್ಷಗಾನಕ್ಕೆ ಪೂರ್ತಿ 3500 ಸಿಗುತ್ತೆ. ಖಾತ್ರಿಗಳ ಮೊತ್ತ 3300, ಮೇಲಿನ ಮಿತಿ 3500ರ ಒಳಗೆ ಇರಲೇಬೇಕು. ಇಲ್ಲದಿದ್ದರೆ ಊಟಕ್ಕೆ ಐವತ್ತು ಜನರನ್ನ ಕರೆದು ಮೂವತ್ತು ಬಾಳೆ ಹಾಕಿದ ಹಾಗೆ, ಖಾತ್ರಿ ಅನ್ನೋದಕ್ಕೆ ಅರ್ಥ ಉಳಿಯಲ್ಲ. ಲಾರಿಗೂ 300 ಇಟ್ಟಿದ್ದು ಬೇಕಂತಲೇ. ಪೂರ್ತಿ ಉಪವಾಸ ಕೆಡವಿದರೆ ಅಪ್‌ಲೋಡ್ ಅರ್ಧಕ್ಕೆ ಮುರಿದು ಮತ್ತೆ ಮೊದಲಿನಿಂದ ಶುರುವಾಗಬಹುದು, ಅದು ಇನ್ನೂ ಹೊರೆ.

ಎಲ್ಲ ಹಾಕಿ, ಬಾಯಲ್ಲಿ ಕವಳ ಇಟ್ಟುಕೊಂಡು ಕೌಂಟರ್ ನೋಡ್ತಾ ಕೂತೆವು. ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬಿಟ್ಟರೆ ಎಲ್ಲ ಸೊನ್ನೆ. ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಗಿದ್ದು 'ಫಾಸ್ಟ್‌ಟ್ರ್ಯಾಕ್' ಅನ್ನೋ ನಿಯಮ. ಈ ರೌಟರುಗಳಲ್ಲಿ ಅದು ಮೊದಲೇ ಹಾಕಿರುತ್ತೆ. ಒಮ್ಮೆ ಸ್ಥಾಪನೆಯಾದ ಕನೆಕ್ಷನ್ನಿನ ಪ್ಯಾಕೆಟ್ಟುಗಳನ್ನ ಮ್ಯಾಂಗಲಿನ ಹತ್ತಿರಕ್ಕೂ ಬಿಡದೆ ಒಳದಾರಿಯಲ್ಲಿ ಓಡಿಸುತ್ತೆ, ವೇಗಕ್ಕೆ. ಚೀಟಿ ಅಂಟಿಸೋ ಕಟ್ಟೆಯನ್ನೇ ದಾಟದ ಚೀಲಕ್ಕೆ ಚೀಟಿ ಎಲ್ಲಿಂದ? ಆ ನಿಯಮ ನಿಲ್ಲಿಸಿದ ಕೂಡಲೇ ಕೌಂಟರುಗಳು ಓಡತೊಡಗಿದವು. ಬೇರೆ ಕಂಪನಿಯ ರೌಟರುಗಳಲ್ಲಿ ಇದೇ ಕೆಲಸ ಮಾಡೋ 'ಹಾರ್ಡ್‌ವೇರ್ ಆಫ್‌ಲೋಡ್' ಇರುತ್ತೆ, ಕ್ಯೂ ಹಾಕೋ ಮೊದಲು ಅದನ್ನ ನೋಡಿಕೊಳ್ಳಿ. ಜೊತೆಗೆ ಇನ್ನೊಂದು: ಚೀಟಿಯೇ ಇಲ್ಲದ ಪ್ಯಾಕೆಟ್ ಈ ಮರದ ಯಾವ ಕೊಂಬೆಗೂ ಸೇರದೆ ಮಿತಿಯಿಲ್ಲದೆ ಹೊರಗೆ ಹೋಗುತ್ತೆ. ಹಾಗಾಗಿ ಕೊನೆಗೊಂದು 'ಉಳಿದವರೆಲ್ಲ ಸಾಮಾನ್ಯ' ಅನ್ನೋ ನಿಯಮ ಬೇಕೇ ಬೇಕು.

ಕರೆಯನ್ನ ಗುರುತಿಸೋದು ಹೇಗೆ? ನಾವು ಮೊದಲು ಸುಲಭದ ದಾರಿ ಹಿಡಿದು ಅಕ್ಕನ ಲ್ಯಾಪ್‌ಟಾಪಿಗೆ ಸ್ಥಿರ ಐಪಿ ಕೊಟ್ಟು, ಅಲ್ಲಿಂದ ಬಂದದ್ದೆಲ್ಲ ಆದ್ಯತೆ 1 ಅಂದೆವು. ಒಂದೂವರೆ ದಿನ ಚೆನ್ನಾಗಿತ್ತು. ಮರುದಿನ ಮಧ್ಯಾಹ್ನ ಮೀಟಿಂಗ್ ನಡುವೆಯೇ ಧ್ವನಿ ಒಡೆಯಿತು. ನೋಡಿದರೆ ಆಫೀಸಿನ ಲ್ಯಾಪ್‌ಟಾಪ್ ತನ್ನ ಕಡತಗಳನ್ನೆಲ್ಲ ಬ್ಯಾಕಪ್ ಮಾಡ್ತಾ ಕೂತಿತ್ತು, ಆಂಬುಲೆನ್ಸಿನ ಸೈರನ್ ಹಾಕಿಕೊಂಡು! ಅಕ್ಕನ ಶತ್ರು ಅಕ್ಕನ ಲ್ಯಾಪ್‌ಟಾಪೇ.

ಆಮೇಲೆ ಪೋರ್ಟಿಗೆ ಹೋದೆವು. ಟೀಮ್ಸ್ ಧ್ವನಿ ವಿಡಿಯೋಗಳನ್ನ ಯುಡಿಪಿ 3478ರಿಂದ 3481ರಲ್ಲಿ ಕಳಿಸುತ್ತೆ, ಜೂಮ್ 8801ರಿಂದ 8810, ಮೀಟ್ 3478 ಮತ್ತು 19302ರಿಂದ 19309. ಇವಿಷ್ಟಕ್ಕೆ 'ಕರೆ' ಅಂತ ಹೆಸರು, ಯಾರ ಸಾಧನವೇ ಇರಲಿ. ಉಳಿದದ್ದನ್ನ ಪೋರ್ಟಿನಿಂದ ಬೇರೆ ಮಾಡೋ ಆಸೆ ಬಿಡಿ, ಈಗ ಬ್ಯಾಂಕೂ ಯೂಟ್ಯೂಬೂ ಬ್ಯಾಕಪ್ಪೂ ಎಲ್ಲ 443ರಲ್ಲೇ, ಎಲ್ಲ ಗೂಢಲಿಪಿಯಲ್ಲೇ. ಆದರೆ ಲಾರಿಯನ್ನ ಹಿಡಿಯೋಕೆ ಒಳಗೇನಿದೆ ಅಂತ ನೋಡಬೇಕಾಗಿಲ್ಲ, ತೂಕ ನೋಡಿದರೆ ಸಾಕು. 'ಸಾಮಾನ್ಯ' ಅಂತ ಗುರುತಾದ ಕನೆಕ್ಷನ್ 5 ಎಂಬಿ ದಾಟಿದ ಕೂಡಲೇ ಚೀಟಿ ಬದಲಿಸಿ 'ಲಾರಿ' ಮಾಡು, ಇಷ್ಟೇ ನಿಯಮ. ವಾಟ್ಸಾಪ್ ಸಂದೇಶ, ಹವಾಮಾನ, ಅಡಿಕೆ ದರ ನೋಡೋದು ಯಾವುದೂ ಅಷ್ಟು ದೂರ ಹೋಗಲ್ಲ. ಬ್ಯಾಕಪ್ಪು ಯಕ್ಷಗಾನಗಳು ಅರ್ಧ ನಿಮಿಷದಲ್ಲಿ ತಾವಾಗಿಯೇ ಹಿಂದಿನ ಸಾಲಿಗೆ ಹೋಗುತ್ತವೆ. ಇಡೀ ಕೆಲಸದಲ್ಲಿ ನಮಗೆ ತುಂಬ ಇಷ್ಟವಾದ ನಿಯಮ ಇದು.

ಡೌನ್‌ಲೋಡಿನ ಕಥೆ ಬೇರೆ. ಅಲ್ಲಿ ಸಾಲು ಇರೋದು ಟವರಿನ ಕಡೆ, ಬಂದು ತಲುಪಿದ ಪ್ಯಾಕೆಟ್ಟನ್ನ ನಾವು ತಡೆದು ನಿಲ್ಲಿಸೋದರಿಂದ ಆ ಕ್ಷಣಕ್ಕೆ ಏನೂ ಉಳಿಯಲ್ಲ. ಆದರೂ ಕೆಲಸ ಮಾಡುತ್ತೆ, ಯಾಕಂದ್ರೆ ನಾವು ತಡಮಾಡಿದರೆ ಅಥವಾ ಬೀಳಿಸಿದರೆ ಕಳಿಸುವ ಕಡೆಯ ಟಿಸಿಪಿ ವೇಗ ತಗ್ಗಿಸುತ್ತೆ, ಟವರಿನ ಸಾಲು ಕರಗುತ್ತೆ. ಇದು ನೇರ ಹತೋಟಿ ಅಲ್ಲ, ಆದ್ದರಿಂದ ಮಿತಿಯನ್ನ ಇನ್ನೂ ಕೆಳಗೆ ಇಡಬೇಕು. ನಾವು 15ಕ್ಕೆ 11 ಇಟ್ಟೆವು. ಟಿವಿ ನೋಡುವವರು ಗೊಣಗಿದರು. ಗೊಣಗಲಿ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಇನ್ನೊಮ್ಮೆ ಮಾಡೋದಾದರೆ ನಾವು ಈ ಕ್ರಮದಲ್ಲಿ ಮಾಡಲ್ಲ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 'ಕೋಡೆಲ್' ಅನ್ನೋ ವಿಧಾನ ಕೊಟ್ಟರು. ಅದು ಸಾಲು ಎಷ್ಟು ಉದ್ದ ಅಂತ ನೋಡಲ್ಲ, ಪ್ಯಾಕೆಟ್ ಎಷ್ಟು ಹೊತ್ತು ನಿಂತಿತ್ತು ಅಂತ ನೋಡುತ್ತೆ. ಕಾಯುವ ಸಮಯ 100 ಮಿಲಿಸೆಕೆಂಡ್ ಕಾಲ ಸತತವಾಗಿ 5 ಮಿಲಿಸೆಕೆಂಡಿಗಿಂತ ಮೇಲೇ ಇದ್ದರೆ ಪ್ಯಾಕೆಟ್ ಬೀಳಿಸೋಕೆ ಶುರು ಮಾಡುತ್ತೆ, ಟಿಸಿಪಿಗೆ ಬೇಗ ಬುದ್ಧಿ ಬರುತ್ತೆ. ಇದಕ್ಕೆ ಪ್ರತಿ ಹರಿವಿಗೂ ಬೇರೆ ಬೇರೆ ಸಾಲು ಸೇರಿಸಿದ್ದು 'ಎಫ್‌ಕ್ಯೂ-ಕೋಡೆಲ್', 2018ರ ಆರ್‌ಎಫ್‌ಸಿ 8290. ಅಲ್ಲಿ ಅಕ್ಕನ ಧ್ವನಿಗೆ ತನ್ನದೇ ಪುಟ್ಟ ಸಾಲು, ಅದು ಯಾವಾಗಲೂ ಹೆಚ್ಚುಕಡಿಮೆ ಖಾಲಿ, ಹಾಗಾಗಿ ಬಂದ ಕೂಡಲೇ ಸರದಿ. ಚೀಟಿ ಬೇಡ, ಪೋರ್ಟ್ ಬೇಡ. ರೌಟರ್‌ಓಎಸ್ 7ರಲ್ಲಿ ಇದೂ ಇದೆ, ಇದರ ಮುಂದುವರಿದ ರೂಪ 'ಕೇಕ್' ಕೂಡ ಇದೆ. ಮಿತಿ ಹಾಕಿ, ಇದನ್ನ ಹಾಕಿ, ಒಂದು ವಾರ ನೋಡಿ. ಆಗಲೂ ಸಾಲದಿದ್ದರೆ ಮಾತ್ರ ಮಾರ್ಕಿಂಗ್ ಸಾಹಸಕ್ಕೆ ಇಳಿಯಿರಿ. ನಮ್ಮ ಲೈನಿಗೆ ಎರಡೂ ಬೇಕಾಯ್ತು, ಅಪ್‌ಲೋಡ್ ಅಷ್ಟು ಕಿರಿದು. ಈಗ ಮೂರೂ ಕೊಂಬೆಗಳ ತುದಿಯಲ್ಲಿ ಎಫ್‌ಕ್ಯೂ-ಕೋಡೆಲ್ ಕೂತಿದೆ.

ನಮ್ಮ ಹಾಸ್ಟೆಲ್ಲಿನಲ್ಲೂ 'ಗೇಮ್ ಬಂದ್, ಯೂಟ್ಯೂಬ್ ಬಂದ್' ಅನ್ನೋ ಬದಲು ತಲೆಗೊಂದು ಸಮ ಪಾಲು ಕೊಡೋ ಕ್ಯೂ ಹಾಕಬಹುದು, ಕೇಕ್ ಆ ಕೆಲಸವನ್ನೂ ಮಾಡುತ್ತೆ. ಇನ್ನು ಇದೇ ಚೀಟಿ ಸಾಲುಗಳನ್ನ ನಿಮ್ಮ ಇಂಟರ್ನೆಟ್ ಕಂಪನಿಯವರು ದುಡ್ಡು ಕೊಟ್ಟ ವೆಬ್‌ಸೈಟನ್ನ ಮುಂದೆ ಬಿಡೋಕೆ ಉಪಯೋಗಿಸಿದರೆ? 2018ರ ಜುಲೈನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಒಪ್ಪಿದ ನೆಟ್ ನ್ಯೂಟ್ರಾಲಿಟಿ ನಿಯಮ ಬಂದಿರೋದು ಅದಕ್ಕೇ. ಮನೆಯೊಳಗಿನ ಹಂಚಿಕೆ ಮನೆಯವರದ್ದು. ಅಲ್ಲೂ ಜಗಳ ಇದ್ದೇ ಇದೆ: ಮೇಲಿನ ಮನೆ ಭಾವ ತನ್ನ ಶೇರು ವ್ಯವಹಾರಕ್ಕೆ ಆದ್ಯತೆ 1 ಬೇಕು ಅಂದರು, ತಮ್ಮ ಗೇಮಿಗೆ ಅಂದ. ಕೊಡಲಿಲ್ಲ.

ಫಲಿತಾಂಶ ಏನಂದ್ರೆ, ಯಕ್ಷಗಾನ ಏರ್ತಾ ಇರುವಾಗ ಪಿಂಗ್ ಈಗ 60ರಿಂದ 70. ಅಕ್ಕ ಎರಡು ತಾಸಿನ ಮೀಟಿಂಗ್ ಮುಗಿಸಿ ಹೊರಗೆ ಬಂದು ಏನೂ ಹೇಳದೆ ಚಹಾಕ್ಕೆ ನೀರಿಟ್ಟಳು, ನಮಗೆ ಅಷ್ಟೇ ಸಾಕಾಗಿತ್ತು.

ಆದರೆ ಆಗಸ್ಟಿನಲ್ಲಿ ಮತ್ತೆ ಫೋನ್. ಹಗಲಿಡೀ ಜಡಿಮಳೆ, ಲೈನಿನ ಅಪ್‌ಲೋಡ್ 2ಕ್ಕೆ ಇಳಿದಿತ್ತು. ನಮ್ಮ ಮಿತಿ 3500ರಲ್ಲೇ ಇತ್ತು, ಘಟ್ಟ ಕಿರಿದಾಗಿದ್ದು ಪೇಟೆಯ ಪೊಲೀಸರಿಗೆ ಗೊತ್ತಿಲ್ಲ. ಸಾಲು ಮತ್ತೆ ಮೋಡೆಮ್ಮಿಗೆ ಹೋಗಿತ್ತು, ಚೀಟಿಗಳೆಲ್ಲ ವ್ಯರ್ಥ. ಮೇಲಿನ ಮಿತಿಯೊಂದನ್ನೇ ಇಳಿಸಿದರೆ ಖಾತ್ರಿಗಳ ಮೊತ್ತ ಅದನ್ನ ಮೀರುತ್ತೆ, ಹಾಗಾಗಿ ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ಬದಲಿಸೋ ಎರಡು ಸ್ಕ್ರಿಪ್ಟ್ ಬರೆದು ಹಾಸ್ಟೆಲ್ಲಿನಿಂದಲೇ ಹಾಕಿದೆವು: ಒಂದಕ್ಕೆ 'ಬಿಸಿಲು' ಅಂತ ಹೆಸರು, ಒಟ್ಟು 3500, ಇನ್ನೊಂದಕ್ಕೆ 'ಮಳೆ', ಒಟ್ಟು 1700, ಅದರಲ್ಲಿ ಕರೆಗೆ 1000. ಯಾವುದು ಯಾವಾಗ ಅನ್ನೋದನ್ನ ಅಕ್ಕ ಪಿಂಗ್ ನೋಡಿ, ಒಮ್ಮೊಮ್ಮೆ ಬರೀ ಕಿಟಕಿಯಾಚೆ ನೋಡಿ, ತಾನೇ ಒತ್ತುತ್ತಾಳೆ. ಅಪ್ಪಯ್ಯ ಈಗ ಕೋಲು ಹಿಡಿದು ತೋಟದ ದಣಪೆಯವರೆಗೆ ಹೋಗಿ ಬರುತ್ತಾರೆ. ರೌಟರಿನ ಲಾಗಿನಲ್ಲಿ ಕೊನೆಯ ಸಲ ಒತ್ತಿದ್ದು 'ಬಿಸಿಲು'.